ನಿಂತ ಲಾರಿಯ ಲೆಕ್ಕ: ಕಂಪನಿ ಗಾಡಿ ಬಿಟ್ಟು ಲೀಸ್ ಗಾಡಿ ಹಿಡಿಯುವವರಿಗೆ

ಕಲಬುರಗಿ ಜಿಲ್ಲೆಯ ಸೇಡಂ, ಮಳಖೇಡ, ವಾಡಿ, ಚಿತ್ತಾಪುರ ಕಡೆ ಸಿಮೆಂಟ್ ಲೋಡ್ ಹೊಡೆಯುವ ಡ್ರೈವರ್‌ಗಳಿಗೆ ಕಿಲೋಮೀಟರ್ ಲೆಕ್ಕ ಬಾಯಿಪಾಠ. ಲೀಟರಿಗೆ ಎಷ್ಟು ಬರುತ್ತೆ, ಯಾವ ಟೋಲಿಗೆ ಎಷ್ಟು ಹೋಗುತ್ತೆ, ನಿದ್ದೆಗಣ್ಣಲ್ಲೂ ಹೇಳ್ತಾರೆ. ಆದರೆ ಸಂಬಳದ ಕಂಪನಿ ಗಾಡಿ ಬಿಟ್ಟು ಸಾಲಕ್ಕೋ ತಿಂಗಳ ಬಾಡಿಗೆಗೋ ಲೀಸ್ ಗಾಡಿ ಹಿಡಿದವರನ್ನ ಮುಳುಗಿಸೋದು ದಿನದ ಲೆಕ್ಕ. ಕಂಪನಿ ಗಾಡಿ ಫ್ಯಾಕ್ಟರಿ ಗೇಟಿನಲ್ಲಿ ಎರಡು ದಿನ ಪಾಳಿ ಕಾಯ್ದರೆ ಡ್ರೈವರ್‌ಗೆ ಬರೀ ಬೇಸರ. ಲೀಸ್ ಗಾಡಿ ಅದೇ ಎರಡು ದಿನ ನಿಂತರೆ ಕಿಸೆ ಖಾಲಿ.

ಒಂದು ಉದಾಹರಣೆ ನೋಡ್ರಿ. ಹತ್ತು ಚಕ್ರದ 28 ಟನ್ (ಗಾಡಿ, ಲೋಡು ಸೇರಿ ಒಟ್ಟು ತೂಕ) ಗಾಡಿ, ತಿಂಗಳಿಗೆ ಲೀಸ್ ₹60,000 ಎಂದಿಟ್ಟುಕೊಳ್ಳಿ. ಇನ್ಶೂರೆನ್ಸ್, ಪರ್ಮಿಟ್ ನಿಮ್ಮ ತಲೆ ಮೇಲೆ ಇದ್ದರೆ ಅದನ್ನೂ ಸೇರಿಸಬೇಕು. 20ರಿಂದ 40 ಟನ್ ಒಳಗಿನ ಗೂಡ್ಸ್ ಗಾಡಿಗೆ 2022ರ ಜೂನ್‌ನಲ್ಲಿ ಗೊತ್ತುಮಾಡಿದ ಥರ್ಡ್ ಪಾರ್ಟಿ ಪ್ರೀಮಿಯಂ ₹43,950. ನ್ಯಾಷನಲ್ ಪರ್ಮಿಟ್‌ನ ವಾರ್ಷಿಕ ಶುಲ್ಕ ₹16,500. ಎರಡನ್ನೂ ಹನ್ನೆರಡಕ್ಕೆ ಹಂಚಿದರೆ ತಿಂಗಳಿಗೆ ₹5,000 ಚಿಲ್ಲರೆ. ಗಾಡಿಯ ಸ್ವಂತ ಡ್ಯಾಮೇಜ್ ಪ್ರೀಮಿಯಂ, ಮೂರು ತಿಂಗಳ ಟ್ಯಾಕ್ಸ್ ಬೇರೆ, ಅದನ್ನ ಸದ್ಯಕ್ಕೆ ಬಿಡಿ. ಒಟ್ಟು ₹65,000. ಇದನ್ನ 30ಕ್ಕೆ ಭಾಗಿಸಿದರೆ ದಿನಕ್ಕೆ ₹2,167. ಹೆಚ್ಚಿನವರು ಮಾಡೋದು ಇಷ್ಟೇ ಲೆಕ್ಕ. ಆದರೆ ಗಾಡಿ ನಿಜವಾಗಿ ಓಡೋದು ತಿಂಗಳಲ್ಲಿ 18 ದಿನ ಇದ್ದರೆ ಓಡಿದ ದಿನಕ್ಕೆ ಬೀಳೋದು ₹3,600. ಬಾಡಿಗೆ ಮಾತಾಡುವಾಗ ತಲೆಯಲ್ಲಿ ಇರಬೇಕಾದ್ದು ಈ ಎರಡನೇ ಅಂಕಿ.

ವಾಪಸ್ ಲೋಡಿನ ಆಸೆಗೂ ಇದೇ ಅಳತೆಗೋಲು. ಕಲಬುರಗಿಯಿಂದ ಸೊಲ್ಲಾಪುರ ಮೇಲೆ ಪುಣೆ ಸುಮಾರು 360 ಕಿ.ಮೀ. ಲೋಡ್ ಇದ್ದಾಗ ಲೀಟರಿಗೆ 4, ಖಾಲಿ ಇದ್ದಾಗ 6 ಕೊಡುವ ಗಾಡಿ ಅನ್ನಿ: ಹೋಗಲು 90 ಲೀಟರ್, ಖಾಲಿ ಬರಲು 60. ಲೋಡ್ ಹಾಕಿಕೊಂಡು ಬಂದರೆ 30 ಲೀಟರ್ ಜಾಸ್ತಿ, ಲೀಟರಿಗೆ ₹91 ಅಂತ ಹಿಡಿದರೆ ₹2,730. ಆ ಲೋಡಿಗಾಗಿ ಪುಣೆಯಲ್ಲಿ ಎರಡು ದಿನ ಕಾಯ್ದರೆ ಇನ್ನೂ ₹7,200. ಅಂದರೆ ₹10,000 ಬಾಡಿಗೆಯ ವಾಪಸ್ ಲೋಡ್ ಎರಡು ದಿನ ಕಾಯಿಸಿದರೆ ಉಳಿಯೋದು ಸೊನ್ನೆ, ಹಮಾಲಿ ಕೊಟ್ಟರೆ ಮೈನಸ್. ಒಂದೊಂದು ಸಲ ಖಾಲಿ ಬಂದು ಮರುದಿನ ಬೆಳಿಗ್ಗೆ ಪಾಳಿ ಹಚ್ಚೋದೇ ಲಾಭ. ಲೋಡ್ ಕೊಡಿಸುವ ಟ್ರಾನ್ಸ್‌ಪೋರ್ಟ್ ಆಫೀಸಿನ ಮುನ್ಶಿ ಇದನ್ನ ಹೇಳಲ್ಲ, ಅವನ ಕಮಿಷನ್ ಲೋಡಿನ ಮೇಲೆ.

ನಮ್ಮ ಕಡೆ ‘ಲೀಸ್’ ಅನ್ನೋ ಒಂದೇ ಮಾತಿಗೆ ಎರಡು ಅರ್ಥ ಇವೆ. ಒಂದು, ಫೈನಾನ್ಸ್ ಸಾಲ: ಆರ್‌ಸಿ ನಿಮ್ಮ ಹೆಸರಲ್ಲಿ, ಫೈನಾನ್ಸಿನವರ ಹೆಸರು ಹೈಪೋಥಿಕೇಶನ್ (ಸಾಲಕ್ಕೆ ಗಾಡಿ ಒತ್ತೆ) ಕಾಲಂನಲ್ಲಿ. ಇನ್ನೊಂದು, ಮಾಲೀಕರಿಂದ ತಿಂಗಳ ಬಾಡಿಗೆಗೆ ಗಾಡಿ: ಆರ್‌ಸಿ, ಪರ್ಮಿಟ್, ಫಾಸ್ಟ್ಯಾಗ್ ಎಲ್ಲ ಅವರ ಹೆಸರಲ್ಲಿ, ದುಡಿಮೆ ಮಾತ್ರ ನಿಮ್ಮದು.

ಸಾಲ ಆದರೆ ‘ಫ್ಲಾಟ್’ ಬಡ್ಡಿ ಅನ್ನುವ ಮಾತಿಗೆ ಕಿವಿ ನಿಮಿರಬೇಕು. 20 ಲಕ್ಷಕ್ಕೆ 8% ಫ್ಲಾಟ್, 48 ತಿಂಗಳು: ಬಡ್ಡಿ 6.4 ಲಕ್ಷ, ಕಂತು ₹55,000. ಕಟ್ಟಿದ ಅಸಲಿಗೂ ಕೊನೆವರೆಗೆ ಬಡ್ಡಿ ಹಾಕೋದರಿಂದ, ಉಳಿದ ಅಸಲಿನ ಮೇಲೆ ಲೆಕ್ಕ ಹಿಡಿದರೆ ಇದು ವರ್ಷಕ್ಕೆ ಸುಮಾರು 14.3% ಆಗುತ್ತೆ. ಸಾಲ ತೀರಿದ ಮೇಲೆ ಎನ್‌ಒಸಿ (ಬಾಕಿ ಇಲ್ಲ ಅನ್ನೋ ಪತ್ರ) ಮತ್ತು ಫಾರ್ಮ್ 35 (ಒತ್ತೆ ಮುಗಿಯಿತು ಅನ್ನೋ ನಮೂನೆ) ಇಸಿದುಕೊಂಡು ಆರ್‌ಟಿಒದಲ್ಲಿ ಹೈಪೋಥಿಕೇಶನ್ ತೆಗೆಸಬೇಕು. ಇಲ್ಲದಿದ್ದರೆ ಮಾರುವಾಗ ಗಾಡಿ ಸಿಕ್ಕಿಹಾಕಿಕೊಳ್ಳುತ್ತೆ.

ಬಾಡಿಗೆ ಲೀಸ್ ಆದರೆ ಬಾಯಿಮಾತು ಬೇಡ, ಸ್ಟಾಂಪ್ ಪೇಪರ್ ಕರಾರು ಬೇಕು. ಮೋಟಾರು ವಾಹನ ಕಾಯ್ದೆಯ ಕಲಂ 2(30)ರಲ್ಲಿ, ಲೀಸ್ ಕರಾರಿನಡಿ ಗಾಡಿ ಯಾರ ಕೈಯಲ್ಲಿದೆಯೋ ಅವರನ್ನೇ ಮಾಲೀಕ ಅಂತ ಬರೆದಿದೆ. ಅಂದರೆ ಅಪಘಾತ ಆದರೆ ‘ನಾನು ಬರೀ ಡ್ರೈವರ್’ ಅನ್ನೋ ಮಾತು ನಿಲ್ಲೋದು ಕಷ್ಟ. ಕರಾರಿನಲ್ಲಿ ಲೀಸ್ ಹಣಕ್ಕಿಂತ ಮುಖ್ಯವಾದ ಸಾಲು ಒಂದಿದೆ: ಗಾಡಿ ರಿಪೇರಿಗೆ ನಿಂತ ದಿನಗಳ ಲೀಸ್ ಯಾರ ಮೇಲೆ? ಕ್ಲಚ್ ಪ್ಲೇಟ್, ಬ್ರೇಕ್ ಲೈನರ್, ಕಮಾನು ಪಟ್ಟಿ ಕಟ್ ಆದದ್ದು ಓಡಿಸುವವರ ಖರ್ಚು ಅಂದರೆ ನ್ಯಾಯ. ಇಂಜಿನ್, ಗೇರ್‌ಬಾಕ್ಸ್, ಹೌಸಿಂಗ್ ಬಿಚ್ಚಿದರೆ ಖರ್ಚು ಮಾಲೀಕರದ್ದು, ಮತ್ತೆ ಆ ದಿನಗಳ ಲೀಸ್ ಕಡಿತ. ಈ ಸಾಲಿಗೆ ಒಪ್ಪದ ಮಾಲೀಕರ ಗಾಡಿಯ ಇಂಜಿನ್ ಮೇಲೆ ಸ್ವಲ್ಪ ಅನುಮಾನ ಇಟ್ಟುಕೊಂಡರೆ ತಪ್ಪಿಲ್ಲ. ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ತಾರೀಖನ್ನೂ ನೋಡಿ: ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಎಫ್‌ಸಿಗೆ ಬಿಟ್ಟ ದಿನವೂ ನಿಂತ ದಿನವೇ.

ಇನ್ಶೂರೆನ್ಸಿನಲ್ಲಿ ಎರಡು ತೂತು. ‘ಓನರ್-ಡ್ರೈವರ್’ ಅಪಘಾತ ವಿಮೆ ₹15 ಲಕ್ಷ ಅನ್ನೋದು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗೆ. ಲೀಸ್ ಹಿಡಿದು ಓಡಿಸುವವರು ಆ ಸಾಲಿನಲ್ಲೂ ಬರಲ್ಲ, ಸಂಬಳದ ಡ್ರೈವರ್ ಸಾಲಿನಲ್ಲೂ ಸಲೀಸಾಗಿ ಬರಲ್ಲ. ಬೇರೆಯಾಗಿ ಒಂದು ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಲೇಬೇಕು. ಎರಡನೇದು ಐಎಂಟಿ 23 ಅನ್ನೋ, ಪಾಲಿಸಿಗೆ ಸೇರಿಸುವ ಹೆಚ್ಚುವರಿ ಷರತ್ತು. ಗೂಡ್ಸ್ ಗಾಡಿ ಪಾಲಿಸಿಯಲ್ಲಿ ಈ ನಂಬರ್ ಇಲ್ಲದಿದ್ದರೆ ಗುದ್ದಿದಾಗ ಹೆಡ್‌ಲೈಟ್, ಬಂಪರ್, ಮಡ್‌ಗಾರ್ಡ್ ಮುಂತಾದವುಗಳ ಹಣ ಬರಲ್ಲ. ಸಣ್ಣ ಗುದ್ದಿನಲ್ಲಿ ಒಡೆಯೋದೇ ಇವು. ಕ್ಲೇಮ್ ಹಣ ಪಾಲಿಸಿದಾರರ ಖಾತೆಗೆ ಹೋಗುತ್ತೆ, ಹಾಗಾಗಿ ರಿಪೇರಿಗೆ ನೀವು ಹಾಕಿದ ಹಣ ಎಷ್ಟು ದಿನದಲ್ಲಿ ವಾಪಸ್ ಅನ್ನೋದೂ ಕರಾರಿನಲ್ಲಿರಲಿ.

ಗಾಡಿ ನೋಡಲು ಬೆಳಿಗ್ಗೆ ಹೋಗಿ, ಇಂಜಿನ್ ತಣ್ಣಗಿರುವಾಗ. ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ. ತೆಳ್ಳಗೆ ಆವಿ ಬಂದರೆ ಪರವಾಗಿಲ್ಲ. ಬುಸ್ ಬುಸ್ ಅಂತ ಹೊಗೆ ಒತ್ತಿ ಬಂದರೆ ಪಿಸ್ಟನ್ ರಿಂಗ್ ಸವೆದಿವೆ. ಆಮೇಲೆ ಕೆಳಗೆ ನುಗ್ಗಿ ಹಿಂದಿನ ಕಮಾನಿನ ಬ್ರಾಕೆಟ್ ಹತ್ತಿರ ಚಾಸಿಸ್ ಒರೆಸಿ ನೋಡಿ. ಶಹಾಬಾದ್ ಕಲ್ಲು ಹೊತ್ತ ಗಾಡಿಗಳು ಸೀಳೋದು ಅಲ್ಲೇ. ಹೊಸ ಬಣ್ಣ ಅಷ್ಟು ಜಾಗಕ್ಕೆ ಮಾತ್ರ ಬಳಿದಿದ್ದರೆ ಒಳಗೆ ವೆಲ್ಡಿಂಗ್ ಇದೆ.

2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಯಾದರೆ ಡಿಇಎಫ್ (ಹೊಗೆ ಶುದ್ಧ ಮಾಡುವ ಯೂರಿಯಾ ದ್ರವ) ನಳಿಗೆಯ ಸುತ್ತ ನೋಡಿ. ಬಿಳಿ ಹರಳು ದಪ್ಪಗೆ ಕಟ್ಟಿದ್ದರೆ ಸೋರಿಕೆ ಇದೆ ಇಲ್ಲವೇ ಕಳಪೆ ದ್ರವ ಹಾಕಿದ್ದಾರೆ. ಡಿಇಎಫ್‌ನಲ್ಲಿ ಯೂರಿಯಾ 32.5% ಇರಬೇಕು, ಉಳಿದದ್ದು ಖನಿಜ ತೆಗೆದ ನೀರು. ಗೊಬ್ಬರದ ಯೂರಿಯಾವನ್ನ ಬೋರ್‌ವೆಲ್ ನೀರಲ್ಲಿ ಕದಡಿ ಮಾರುವವರೂ ಇದ್ದಾರೆ. ನಮ್ಮ ಕಡೆಯ ಗಡಸು ನೀರಿನ ಸುಣ್ಣ ಸೈಲೆನ್ಸರಿನ ಜಾಲರಿಯಲ್ಲಿ ಕೂತರೆ ಕಂಪ್ಯೂಟರ್ ಇಂಜಿನ್ನಿನ ಬಲ ಇಳಿಸಿಬಿಡುತ್ತೆ, ಲೋಡ್ ಗಾಡಿ ಏರು ಹತ್ತೋದಿಲ್ಲ. ಡೀಸೆಲ್‌ನ ನೂರಕ್ಕೆ 5 ಪಾಲು ಖರ್ಚಾಗುವ ಈ ದ್ರವದಲ್ಲಿ ಉಳಿಸುವ ಹಣ ಬಹಳ ಕಮ್ಮಿ, ವರ್ಕ್‌ಶಾಪಿನಲ್ಲಿ ನಿಲ್ಲುವ ದಿನ ಬಹಳ ಜಾಸ್ತಿ.

ಓವರ್‌ಲೋಡ್ ವಿಷಯ ಚಿಕ್ಕದು. 28 ಟನ್ ಗಾಡಿಯ ಖಾಲಿ ತೂಕ 9ರಿಂದ 9.5 ಟನ್ ಇದ್ದರೆ ಸಿಮೆಂಟ್ 370 ಚೀಲದ ಆಸುಪಾಸು, ಅಷ್ಟೇ. ಕೇಂದ್ರ ಕಾಯ್ದೆಯ ದಂಡ ₹20,000, ಮೇಲಿನ ಪ್ರತಿ ಟನ್ನಿಗೆ ₹2,000. ಜೊತೆಗೆ ಹೆಚ್ಚಿನ ಮಾಲು ಇಳಿಸೋವರೆಗೆ ಗಾಡಿ ಕದಲಲ್ಲ. ಇ-ವೇ ಬಿಲ್‌ಗೆ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಪತ್ರ) 200 ಕಿ.ಮೀ.ಗೆ ಒಂದು ದಿನದ ಆಯುಷ್ಯ. ದಾರಿಯಲ್ಲಿ ಗಾಡಿ ಕೆಟ್ಟರೆ ಅವಧಿ ಮುಗಿಯುವ ಮುಂಚಿನ 8 ಗಂಟೆಯಲ್ಲಿ ಅಥವಾ ಮುಗಿದ 8 ಗಂಟೆ ಒಳಗೆ ವಿಸ್ತರಿಸಬೇಕು. ಕಂಪನಿಯಲ್ಲಿ ಇದನ್ನ ಆಫೀಸ್ ನೋಡಿಕೊಳ್ಳುತ್ತಿತ್ತು.

ತೆರಿಗೆಯಲ್ಲಿ ಒಂದು ಮಾತು. ಹತ್ತು ಗಾಡಿವರೆಗಿನ ಮಾಲೀಕರು ಪ್ಯಾನ್ ಜೊತೆ ಡಿಕ್ಲರೇಶನ್ ಕೊಟ್ಟರೆ ಲೋಡಿನ ಬಾಡಿಗೆಯಲ್ಲಿ ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಲ್ಲ. ಸಾಲದ ಗಾಡಿಗೂ ಇದು ಸಿಗುತ್ತೆ. ಬರೀ ಬಾಡಿಗೆ ಲೀಸಿನವರು ಈ ತೆರಿಗೆ ಲೆಕ್ಕದಲ್ಲಿ ‘ಮಾಲೀಕರು’ ಆಗಲ್ಲ, ಆದ್ದರಿಂದ ಅವರ ಬಾಡಿಗೆಯಲ್ಲಿ 1% ಹಿಡಿಯುತ್ತಾರೆ. ರಿಟರ್ನ್ ಹಾಕಿದರೆ ವಾಪಸ್ ಬರಬಹುದು.

ಕೆಲಸ ಬಿಡುವ ತಿಂಗಳನ್ನೂ ಆಯ್ದುಕೊಳ್ಳಿ. ಜೂನ್‌ನಲ್ಲಿ ಮಾತ್ರ ಬೇಡ. ಮಳೆಗಾಲದಲ್ಲಿ ಕಟ್ಟಡದ ಕೆಲಸ ತಗ್ಗಿ ಸಿಮೆಂಟ್ ಲೋಡ್ ಇಳಿಯುತ್ತೆ, ಕಾಗಿಣಾ ತುಂಬಿ ಮಳಖೇಡದ ಸೇತುವೆ ಮೇಲೆ ನೀರು ಬಂದರೆ ಸೇಡಂ ರಸ್ತೆಯೇ ಬಂದ್, ತಾಡಪಾಲಿನಲ್ಲಿ ಒಂದು ತೂತಿದ್ದರೆ ನೆನೆದ ಚೀಲಗಳ ಹಣ ಬಾಡಿಗೆಯಲ್ಲಿ ಕಟ್. ದಸರಾ ಮುಗಿದ ಮೇಲೆ ಹಿಡಿದರೆ ಮುಂದೆ ತೊಗರಿ ಬರುವ ಕಾಲ, ಡಿಸೆಂಬರ್‌ನಿಂದ ಎಪಿಎಂಸಿ, ದಾಲ್ ಮಿಲ್ ಲೋಡೂ ಕೂಡಿಕೊಳ್ಳುತ್ತೆ. ಏನೇ ಆದರೂ ಎರಡು ತಿಂಗಳ ಲೀಸ್ ಹಣ ಮತ್ತು ಎರಡು ಟೈರಿನ ಹಣ ಕೈಯಲ್ಲಿಟ್ಟುಕೊಂಡೇ ಕೀ ತೆಗೆದುಕೊಳ್ಳಿ. ಬಿಲ್ಟಿಯ ಪೋಚ್ (ಮಾಲು ಮುಟ್ಟಿದ್ದಕ್ಕೆ ಸಹಿಯ ರಸೀದಿ) ಕೊಟ್ಟ ಮೇಲೂ ಬ್ಯಾಲೆನ್ಸ್ ತಿಂಗಳುಗಟ್ಟಲೆ ಬರದೆ ಉಳಿಯೋದು ಮಾಮೂಲು.

ಟೈರ್ ಅಂದಮೇಲೆ: ಜೋಡಿ ಚಕ್ರದ ಒಳಗಿನ ಟೈರಿನ ಗಾಳಿ ಯಾರೂ ನೋಡಲ್ಲ. ಅದರಲ್ಲಿ ಗಾಳಿ ಕಮ್ಮಿಯಾದರೆ ಭಾರವೆಲ್ಲ ಹೊರಗಿನದರ ಮೇಲೆ. ಮೇ ತಿಂಗಳ ಬಿಸಿಲಲ್ಲಿ, ಕಾದ ಡಾಂಬರಿನ ಮೇಲೆ ಅದು ಸಿಡಿಯುತ್ತೆ. ಗಾಳಿ ನೋಡೋದು ಬೆಳಿಗ್ಗೆ, ಗಾಡಿ ಹೊರಡೋ ಮೊದಲು, ಗೇಜ್ ಹಚ್ಚಿ. ರಾಡಿನಿಂದ ಬಡಿದು ಸದ್ದು ಕೇಳಿದರೆ ಪೂರ್ತಿ ಇಳಿದದ್ದು ಮಾತ್ರ ಗೊತ್ತಾಗುತ್ತೆ. ಇನ್ನು ಗಾಡಿ ಕೈಗೆ ಬರುವ ದಿನ ಸ್ಟೆಪ್ನಿ ಸೇರಿ ಹನ್ನೊಂದೂ ಟೈರಿನ ಗೋಡೆ ಮೇಲಿನ ನಂಬರ್ ಮತ್ತು ಅದರ ಗೆರೆಗಳ (ಟ್ರೆಡ್) ಆಳ ಎಷ್ಟು ಮಿ.ಮೀ. ಉಳಿದಿದೆ ಅನ್ನೋದನ್ನ ಕರಾರಿನ ಹಿಂದೆ ಬರೆದು ಇಬ್ಬರೂ ಸಹಿ ಹಾಕಿ. ಅದರ ಪಕ್ಕದಲ್ಲೇ ಗಾಡಿ ಒಪ್ಪಿಸಿದ ತಾರೀಖು ಮತ್ತು ಗಂಟೆ: ಅದಕ್ಕಿಂತ ಹಿಂದಿನ ಇ-ಚಲನ್ ಎಲ್ಲ ಮಾಲೀಕರದ್ದು.