ಸಮುದ್ರದ ಮೀನಿನ ವೀರ್ಯಾಣುವಿಗೆ ಉಪ್ಪೇ ಬಲವಾ?

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಗೆಂಡೆ ಮೀನಿನ ಮರಿ ಮಾಡುವವರು ಕೇಳುತ್ತಲೇ ಇರುತ್ತಾರೆ: "ನಮ್ಮ ಗೆಂಡೆಯ ವೀರ್ಯಾಣು ನೀರು ತಾಗಿದ ಒಂದೆರಡು ನಿಮಿಷಕ್ಕೇ ನಿಂತುಬಿಡುತ್ತೆ. ಸಮುದ್ರದ ಮೀನಿನದು ಅಷ್ಟು ಉಪ್ಪಲ್ಲಿ ಹೇಗೆ ಈಜುತ್ತೆ? ನಾವೂ ಉಪ್ಪು ಹಾಕಿದರೆ?"

ಉಪ್ಪು ಬಲ ಕೊಡುವುದಿಲ್ಲ. ವೀರ್ಯಾಣುವನ್ನು ಎಬ್ಬಿಸುವುದು ನೀರಿನ ಓಡಾಟ. ಎರಡೂ ಜಾತಿಯಲ್ಲಿ ಗಂಡಿನ ಹಾಲಿನ (ವೀರ್ಯದ) ಸಾಂದ್ರತೆ ಸುಮಾರು 300 ಮಿಲಿಆಸ್ಮೋಲ್ (ನೀರಿನಲ್ಲಿ ಕರಗಿದ ಕಣಗಳ ಒಟ್ಟು ಅಳತೆ). ಅಲ್ಲಿ ವೀರ್ಯಾಣು ಅಲುಗುವುದಿಲ್ಲ. ಕೆರೆ ನೀರಿಗೆ ಬಿದ್ದ ಗೆಂಡೆಯ ವೀರ್ಯಾಣುವಿನೊಳಗೆ ನೀರು ನುಗ್ಗುತ್ತದೆ, ಅದರಿಂದಲೇ ಅದು ಏಳುತ್ತದೆ. ಸಮುದ್ರದ ನೀರು 1000 ದಾಟಿರುತ್ತದೆ, ಹಾಗಾಗಿ ಅಲ್ಲಿ ಜೀವಕೋಶದೊಳಗಿನ ನೀರೇ ಹೊರಗೆ ಹೋಗುತ್ತದೆ. ಕೋಶ ಕುಗ್ಗಿ ಒಳಗಿನ ಅಯಾನುಗಳು ಗಟ್ಟಿಯಾಗುತ್ತವೆ, ಕ್ಯಾಲ್ಸಿಯಂ ಏರುತ್ತದೆ, ಬಾಲ ಬಡಿಯಲು ಶುರುವಾಗುತ್ತದೆ. ಹಲವು ಸಮುದ್ರ ಮೀನುಗಳ ವೀರ್ಯಾಣು, ಉಪ್ಪೇ ಇಲ್ಲದ, ಅಷ್ಟೇ ಸಾಂದ್ರತೆಯ ಸಕ್ಕರೆ ದ್ರಾವಣದಲ್ಲೂ ಈಜುತ್ತದೆ.

ಈ ನೀರು ಬೇಗ ಹಾಯಲು ಬಾಗಿಲು ಬೇಕು. ಅದೇ ಅಕ್ವಾಪೊರಿನ್ ಎಂಬ ಪ್ರೋಟೀನ್. ಇದನ್ನು ಗುರುತಿಸಿದ್ದಕ್ಕೆ ಪೀಟರ್ ಆಗ್ರೆ ಅವರಿಗೆ 2003ರ ರಸಾಯನಶಾಸ್ತ್ರ ನೊಬೆಲ್ ಬಂತು. ಒಂದೊಂದು ಬಾಗಿಲಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣು ಹಾಯುತ್ತವೆ. ಇದು ಚೆನ್ನಾಗಿ ಅಧ್ಯಯನವಾಗಿರುವುದು ಮೆಡಿಟರೇನಿಯನ್ನಿನ ಗಿಲ್ಟ್‌ಹೆಡ್ ಸೀಬ್ರೀಮ್ ಮೀನಿನಲ್ಲಿ. ಅದರ ಬಾಲದಲ್ಲಿರುವ ಒಂದು ಅಕ್ವಾಪೊರಿನ್ ನೀರನ್ನು ಹೊರಹಾಕುತ್ತದೆ. ಅದನ್ನು ತಡೆದರೆ ಸಮುದ್ರದ ನೀರು ಸುತ್ತಲೂ ಇದ್ದರೂ ವೀರ್ಯಾಣು ಸರಿಯಾಗಿ ಎದ್ದೇಳುವುದಿಲ್ಲ. ನನಗೆ ಹೆಚ್ಚು ಸೋಜಿಗ ಎನಿಸುವುದು ಅದರ ಎರಡನೆಯ ಅಕ್ವಾಪೊರಿನ್. ಅದು ಈಜು ಶುರುವಾದ ಮೇಲೆ ಮೈಟೋಕಾಂಡ್ರಿಯಾದಲ್ಲಿ (ಜೀವಕೋಶಕ್ಕೆ ಶಕ್ತಿ ತಯಾರಿಸುವ ಭಾಗ) ನೆಲೆಸಿ ಅಲ್ಲಿ ಕೂಡುವ ಹೈಡ್ರೋಜನ್ ಪೆರಾಕ್ಸೈಡನ್ನು ಹೊರಗೆ ಬಿಡುತ್ತದೆ. ಅದು ಕೈಕೊಟ್ಟರೆ ಮೈಟೋಕಾಂಡ್ರಿಯಾ ಹಾಳಾಗಿ, ಎಟಿಪಿ ಎಂಬ ಶಕ್ತಿಯ ಅಣು ಮುಗಿದು, ಎದ್ದ ವೀರ್ಯಾಣುವೂ ನಿಂತುಬಿಡುತ್ತದೆ.

ಹಾಗಾದರೆ ಗೆಂಡೆಗೆ ಉಪ್ಪು? ಹಾಕಬಹುದು, ಅಳತೆ ಇಟ್ಟುಕೊಂಡು. 10 ಲೀಟರ್ ಸಿಹಿನೀರಿಗೆ 40 ಗ್ರಾಂ ಉಪ್ಪು, 30 ಗ್ರಾಂ ಯೂರಿಯಾ ಹಾಕುವ ಹಳೆಯ ದ್ರಾವಣ ಸುಮಾರು 180 ಮಿಲಿಆಸ್ಮೋಲ್ ಆಗುತ್ತದೆ. ಹಾಲಿನ 300ಕ್ಕಿಂತ ಕಡಿಮೆ, ಹಾಗಾಗಿ ವೀರ್ಯಾಣು ಏಳುತ್ತದೆ. ಬರೀ ನೀರಿನಷ್ಟು ತೆಳುವಲ್ಲ, ಹಾಗಾಗಿ ಬೇಗ ಉಬ್ಬಿ ಕೆಡುವುದಿಲ್ಲ. ಮೊಟ್ಟೆಯ ಅಂಟೂ ಬಿಡುತ್ತದೆ. ಆದರೆ ಲೀಟರಿಗೆ 9 ಗ್ರಾಂ ಉಪ್ಪು ಹಾಕಿದರೆ ಅದು ಹಾಲಿಗೆ ಸಮವಾಗಿ, ವೀರ್ಯಾಣು ಮಲಗಿಯೇ ಇರುತ್ತದೆ. ಆ ಸಲೈನ್ ಹಾಲನ್ನು ತೆಳುಮಾಡಲು ಸರಿ, ಫಲೀಕರಣಕ್ಕಲ್ಲ.

ಇಲ್ಲಿ ನಮ್ಮ ಕಾಲುವೆ ಬಾಲದ ಚೌಳು ನೆಲವೂ ಲೆಕ್ಕಕ್ಕೆ ಬರುತ್ತದೆ. ಬಸಿನೀರಿನ ಇಸಿ (ವಿದ್ಯುತ್ ವಾಹಕತೆ, ನೀರಿನ ಉಪ್ಪಿನ ಅಳತೆ) 10 dS/m ಇದ್ದರೆ ಅದೇ ಸುಮಾರು 150 ಮಿಲಿಆಸ್ಮೋಲ್. ಅದಕ್ಕೆ ಮೇಲಿನ ಉಪ್ಪು-ಯೂರಿಯಾ ಸೇರಿಸಿದರೆ 300 ದಾಟುತ್ತದೆ, ಫಲೀಕರಣ ಬಿದ್ದುಹೋಗುತ್ತದೆ. "ಗಂಡು ಸರಿಯಿಲ್ಲ" ಎಂದು ಮೀನು ಬದಲಿಸುವ ಮೊದಲು ಇಸಿ ನೋಡಿ. ದ್ರಾವಣಕ್ಕೆ ಕಾಲುವೆ ನೀರು ಅಥವಾ ಆರ್‌ಒ ನೀರು ಬಳಸಿ.

ಹಾಲು ಹಿಂಡುವ ಮುನ್ನ ಹೊಟ್ಟೆ, ದ್ವಾರ ಒಣಬಟ್ಟೆಯಿಂದ ಒರೆಸಿ. ಒಂದು ಹನಿ ನೀರು ಅಥವಾ ಮೂತ್ರ ಬಿದ್ದರೂ ವೀರ್ಯಾಣು ಮೊಟ್ಟೆ ಸಿಗುವ ಮೊದಲೇ ಎದ್ದು ಸುಸ್ತಾಗಿಬಿಡುತ್ತದೆ. ಒಣ ಬೇಸಿನ್‌ನಲ್ಲಿ ಮೊಟ್ಟೆ, ಅದರ ಮೇಲೆ ಹಾಲು, ಕೋಳಿ ಗರಿಯಿಂದ ಮೆಲ್ಲಗೆ ಕಲಸು, ದ್ರಾವಣ ಕೊನೆಗೆ. ಪರೀಕ್ಷೆಗೆ ಸೂಜಿಮೊನೆಯಷ್ಟು ಹಾಲಿಗೆ ದೊಡ್ಡ ಹನಿ ನೀರು ಹಾಕಿ, ಕೂಡಲೇ ಸೂಕ್ಷ್ಮದರ್ಶಕದಲ್ಲಿ ನೋಡಿ. ನೀರು ಸಾಲದಿದ್ದರೆ ಹಾಲಿನ ಸಾಂದ್ರತೆ ಇಳಿಯುವುದಿಲ್ಲ, ಒಳ್ಳೆಯ ಹಾಲೂ ಸತ್ತಂತೆ ಕಾಣುತ್ತದೆ.