ಶುಂಠಿ ಬಿಯರ್ ಬಾಟಲಿಗೆ ಇಳಿಸುವುದು: ಗಾಳಿಯ ಲೆಕ್ಕ, ರಾಯಚೂರಿನ ಬಿಸಿಲು

ಮನೆಯಲ್ಲಿ ಶುಂಠಿ, ಸಕ್ಕರೆ ಹುದುಗಿಸಿ ಮಾಡುವ ಗ್ಯಾಸ್ ಪಾನೀಯ ಶುಂಠಿ ಬಿಯರ್. ಈ ಸಲ ಅದರ ರುಚಿಯ ಕಡೆ ಕೈ ಹಾಕಿಲ್ಲ. ಶುಂಠಿ, ಸಕ್ಕರೆ, ನಿಂಬೆ ಎಲ್ಲ ಹಳೆಯ ಅಳತೆಯೇ. ಬದಲಾಯಿಸಿದ್ದು ಜಾಡಿಯಿಂದ ಬಾಟಲಿಗೆ ಇಳಿಸುವ ರೀತಿ ಮಾತ್ರ. ಹಿಂದಿನ ಬ್ಯಾಚ್‌ಗಳು ಶುರುವಿನಲ್ಲಿ ಚೆನ್ನಾಗಿರುತ್ತಿದ್ದವು. ಸ್ವಲ್ಪ ದಿನ ಕಳೆದರೆ ನಿಂಬೆಯ ಘಮ ಹೋಗಿ ಬಣ್ಣ ಕಂದುತ್ತಿತ್ತು. ಕೆಲವು ಬಾಟಲಿಗಳಲ್ಲಿ ವಿನೆಗರ್ ವಾಸನೆಯೂ ಬರುತ್ತಿತ್ತು. ಗಾಳಿ ತಾಗಿದೆ ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಯಾವ ಗಾಳಿ, ಯಾವ ಹೊತ್ತಿನಲ್ಲಿ ತಾಗಿತು? ಈ ಬ್ಯಾಚ್ ಪೂರ್ತಿ ಅದನ್ನು ಹುಡುಕುವುದಕ್ಕೇ ಹೋಯಿತು.

ನಿಜವಾದ ಬಿಯರ್ ಯಾಕೆ ಮಾಡಲ್ಲ ಅಂತ ಗೆಳೆಯರು ಕೇಳುತ್ತಾರೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅದಕ್ಕೆ ಲೈಸೆನ್ಸ್ ಬೇಕು. ಮನೆಯಲ್ಲಿ ಸುಮ್ನೆ ಹವ್ಯಾಸಕ್ಕೆ ಅಂದರೆ ನಡೆಯುವುದಿಲ್ಲ. ಶುಂಠಿ ಬಿಯರ್‌ನಲ್ಲಿ ಹುದುಗನ್ನು ಬೇಗ ನಿಲ್ಲಿಸಿ ತಣ್ಣಗೆ ಇಟ್ಟರೆ ಆಲ್ಕೋಹಾಲ್ ತೀರಾ ಕಡಿಮೆ ಇರುತ್ತದೆ. ಆದರೆ ಆಮ್ಲಜನಕದ ಬಗ್ಗೆ ಬಿಯರ್ ಮಾಡುವವರಷ್ಟು ತಲೆ ಕೆಡಿಸಿಕೊಂಡವರು ಬೇರೆ ಯಾರೂ ಇಲ್ಲ. ಹಾಗಾಗಿ ಉಪಾಯಗಳನ್ನು ಅವರಿಂದ ತಂದಿದ್ದೇನೆ, ಪಾನೀಯ ನನ್ನದೇ.

ಮೂಲ ಸರಳ. ಸಿಪ್ಪೆ ಸಮೇತ ಹೆಚ್ಚಿದ ಶುಂಠಿಗೆ ಸಕ್ಕರೆ ನೀರು ಹಾಕಿ ದಿನಾ ಸ್ವಲ್ಪ ಸ್ವಲ್ಪ ಉಣಿಸಿದರೆ ಸಿಪ್ಪೆಯ ಮೇಲಿನ ಯೀಸ್ಟ್ ಎಚ್ಚರವಾಗಿ ನೊರೆ ಏಳುತ್ತದೆ. ಇದನ್ನು ನಾನು ಶುಂಠಿ ಹೆಪ್ಪು ಅನ್ನುತ್ತೇನೆ. ಮೊಸರಿನ ಹೆಪ್ಪಿನ ಹಾಗೆಯೇ ಇದನ್ನೂ ಉಳಿಸಿಕೊಂಡು ಮುಂದಿನ ಸಲಕ್ಕೆ ಬಳಸಬಹುದು. ಮಾರ್ಕೆಟ್‌ಗೆ ಬೀದರ್ ಕಡೆಯ ಶುಂಠಿ ಬಂದರೆ ಅದನ್ನೇ ತರುತ್ತೇನೆ. ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಳ ಹಾಕಿಯೇ ಆರಿಸಬೇಕು. ಕುದಿಸಿದಾಗ ನೀರಲ್ಲಿ ಕರಗಿದ ಆಮ್ಲಜನಕ ಹೊರಟು ಹೋಗುತ್ತದೆ. ಬಾಯಿ ತೆರೆದು ಆರಿಸಿದರೆ ಮತ್ತೆ ಅಷ್ಟೇ ಒಳಗೆ ಸೇರುತ್ತದೆ. ಸಕ್ಕರೆ ಲೀಟರ್‌ಗೆ 60 ಗ್ರಾಂ. ಆಮೇಲೆ ಹೆಪ್ಪು ಸೇರಿಸಿ ಜಾಡಿಯಲ್ಲಿ ಹುದುಗಲು ಬಿಡುವುದು.

ಈಗ ಲೆಕ್ಕ. ಇದನ್ನು ಒಂದು ರಾತ್ರಿ ಕರೆಂಟ್ ಹೋದಾಗ ಕೂತು ಹಾಕಿದ್ದು.

650 ಮಿಲಿಲೀಟರ್ ಬಾಟಲಿಯ ಕುತ್ತಿಗೆಯಲ್ಲಿ 30 ಮಿಲಿಲೀಟರ್ ಜಾಗ ಬಿಟ್ಟು ಮುಚ್ಚಿದ್ದೇವೆ ಅಂದುಕೊಳ್ಳಿ. ಒಂದು ಮಿಲಿಲೀಟರ್ ಗಾಳಿಯಲ್ಲಿ ಸುಮಾರು 0.28 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಅಂದರೆ ಆ ಸಣ್ಣ ಕುತ್ತಿಗೆಯಲ್ಲೇ 8 ಮಿಲಿಗ್ರಾಂ ಕೂತಿದೆ. ಜೊತೆಗೆ ಫನೆಲ್ ಇಟ್ಟು ಬಳಬಳ ಸುರಿದರೆ ನೀರೂ ಆಮ್ಲಜನಕ ಕುಡಿಯುತ್ತದೆ. 30 ಡಿಗ್ರಿಯಲ್ಲಿ ನೀರು ಲೀಟರ್‌ಗೆ ಹೆಚ್ಚೆಂದರೆ ಏಳೂವರೆ ಮಿಲಿಗ್ರಾಂ ಹಿಡಿಯಬಲ್ಲದು, ಬಾಟಲಿಗೆ 5 ಅಂತ ಹಿಡಿಯಿರಿ. ಒಟ್ಟು 13 ಮಿಲಿಗ್ರಾಂ. ದೊಡ್ಡ ಬಿಯರ್ ಕಾರ್ಖಾನೆಗಳು ಮುಚ್ಚಿದ ಬಾಟಲಿಯಲ್ಲಿ ಲೀಟರ್‌ಗೆ 0.1 ಮಿಲಿಗ್ರಾಂಗಿಂತ ಕಡಿಮೆ ಇರಲಿ ಅಂತ ಒದ್ದಾಡುತ್ತವೆ. ನಮ್ಮದು ಅದರ ನೂರಾರು ಪಟ್ಟು!

ಆದರೆ ಮಜಾ ಇರುವುದು ಮುಂದೆ. ವಿನೆಗರ್ ಮಾಡುವ ಬ್ಯಾಕ್ಟೀರಿಯಾ ಆಲ್ಕೋಹಾಲ್ ಜೊತೆ ಆಮ್ಲಜನಕ ಸೇರಿಸಿ ಅಸಿಟಿಕ್ ಆಮ್ಲ ಮಾಡುತ್ತದೆ. 32 ಗ್ರಾಂ ಆಮ್ಲಜನಕಕ್ಕೆ 60 ಗ್ರಾಂ ಆಮ್ಲ. ನಮ್ಮ 13 ಮಿಲಿಗ್ರಾಂ ಪೂರಾ ಅದಕ್ಕೇ ಖರ್ಚಾದರೂ ಸಿಗುವುದು ಸುಮಾರು 24 ಮಿಲಿಗ್ರಾಂ, ಅಂದರೆ ಲೀಟರ್‌ಗೆ 40ಕ್ಕಿಂತ ಕಡಿಮೆ. ನಾಲಿಗೆಗೆ ವಿನೆಗರ್ ಅಂತ ಗೊತ್ತಾಗಲು ನೂರಕ್ಕಿಂತ ಜಾಸ್ತಿ ಬೇಕು. ಹಾಗಾದರೆ ಗಟ್ಟಿಯಾಗಿ ಮುಚ್ಚಿದ ಬಾಟಲಿಯೊಳಗೆ ವಿನೆಗರ್ ಆಗುವುದು ಸಾಧ್ಯವೇ ಇಲ್ಲ. ಅದು ಬಾಟಲಿಗೆ ಬರುವ ಮೊದಲೇ ಆಗಿರಬೇಕು, ಇಲ್ಲ ಮುಚ್ಚಳ ಸೋರುತ್ತಿರಬೇಕು.

ಎರಡು ಕಾಯಿಲೆ, ಒಂದೇ ಆಮ್ಲಜನಕ. ಜಾಡಿಯ ಗಾಳಿಯಿಂದ ವಿನೆಗರ್. ಬಾಟಲಿಯ ಗಾಳಿಯಿಂದ ಘಮ ಸಾಯುವುದು ಮತ್ತು ಬಣ್ಣ ಕಂದುವುದು. ಎರಡನೆಯದಕ್ಕೆ ಮಿಲಿಗ್ರಾಂ ಲೆಕ್ಕದ ಆಮ್ಲಜನಕವೇ ಬೇಕಾದಷ್ಟಾಯಿತು. ಬಿಯರ್ ಹಳತಾದಾಗ ರಟ್ಟಿನ ವಾಸನೆ ಕೊಡುವ ನೊನೆನಾಲ್ ಎಂಬ ವಸ್ತು ಲೀಟರ್‌ಗೆ 0.1 ಮೈಕ್ರೋಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುತ್ತದಂತೆ. ನಿಂಬೆಯ ಘಮ ಕೊಡುವ ಸಿಟ್ರಾಲ್ ಹುಳಿಯಲ್ಲಿ, ಬಿಸಿಯಲ್ಲಿ ತಾನಾಗಿಯೇ ಒಡೆಯುತ್ತದೆ. ಆಮ್ಲಜನಕ ಸಿಕ್ಕರೆ ಇನ್ನೂ ಕೆಡುತ್ತದೆ.

ಹಾಗಾಗಿ ಮೊದಲು ಜಾಡಿ. ಬಾಯಿಗೆ ಬಟ್ಟೆ ಕಟ್ಟಿ ಇಡುವ ಪದ್ಧತಿ ಬಿಟ್ಟೆ. ಮಾವಿನ ಸೀಸನ್‌ನಲ್ಲಿ ಅಡುಗೆಮನೆ ತುಂಬ ಸಣ್ಣ ನೊಣ, ವಿನೆಗರ್ ಬ್ಯಾಕ್ಟೀರಿಯಾ ಹೊತ್ತು ತರುವುದು ಅವೇ. ಮುಚ್ಚಳಕ್ಕೆ ತೂತು ಕೊರೆದು, ಸಲೈನ್ ಪೈಪ್ ತೂರಿಸಿ, ಇನ್ನೊಂದು ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿದೆ. ಒಳಗಿನ ಗ್ಯಾಸ್ ಗುಳುಗುಳು ಅಂತ ಹೊರಗೆ ಬರುತ್ತದೆ, ಹೊರಗಿನ ಗಾಳಿ ಒಳಗೆ ಹೋಗುವುದಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಸಲೈನ್ ಸೆಟ್ ಕೇಳಿದಾಗ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅಂತ ವಿಚಾರಿಸಿದರು. ಶುಂಠಿಗೆ ಅಂದೆ.

ಆ ಸೆಟ್ ಇನ್ನೊಂದು ಕೆಲಸಕ್ಕೂ ಬಂತು, ಅದೇ ದೊಡ್ಡ ಲಾಭ. ಹನಿ ಬೀಳುವ ಗಾಜಿನಂಥ ಕೋಣೆಯನ್ನು ಕತ್ತರಿಸಿ ತೆಗೆದರೆ ಉಳಿಯುವುದು ಉದ್ದದ ಸಣ್ಣ ಪೈಪ್, ಅದರ ಮೇಲೆ ಹರಿವು ನಿಲ್ಲಿಸುವ ಚಕ್ರ. ಸೈಫನ್‌ಗೆ ಇದಕ್ಕಿಂತ ಒಳ್ಳೆಯ ನಲ್ಲಿ ಬೇಕಾ? ಜಾಡಿ ಕಟ್ಟೆಯ ಮೇಲೆ, ಬಾಟಲಿ ಕೆಳಗೆ ಪರ್ಸಿಯ ಮೇಲೆ. ಪೈಪ್‌ಗೆ ಮೊದಲು ಕುದಿಸಿ ಆರಿಸಿದ ನೀರು ತುಂಬಿಸಿಕೊಂಡು ಶುರು ಮಾಡುತ್ತೇನೆ. ಬಾಯಿಂದ ಎಳೆಯಬಾರದು, ಬಾಯಿಯ ಬ್ಯಾಕ್ಟೀರಿಯಾ ಸೀದಾ ಜಾಡಿಗೆ. ಆ ನೀರು ಲೋಟಕ್ಕೆ ಹೋದ ಮೇಲೆ ತುದಿಯನ್ನು ಬಾಟಲಿಯ ತಳ ಮುಟ್ಟಿಸಿ ಬಿಡುವುದು. ಪಾನೀಯ ತಳದಿಂದ ಸದ್ದಿಲ್ಲದೆ ಏರುತ್ತದೆ. ಪೈಪ್ ಸಣ್ಣದು, ಆದ್ದರಿಂದ ಒಂದೊಂದು ಬಾಟಲಿಗೂ ಹೊತ್ತು ಹಿಡಿಯುತ್ತದೆ. ಗಡಿಬಿಡಿ ಇರುವವರು ದಪ್ಪ ಪೈಪ್ ತೆಗೆದುಕೊಳ್ಳಲಿ. ನನಗೆ ಈ ನಿಧಾನವೇ ಹಿಡಿಸಿತು.

ಒಂದೇ ಜಾಡಿಯಿಂದ ನಾಲ್ಕು ಥರ ತುಂಬಿಸಿದೆ. ಒಂದು, ಹಳೆಯ ಫನೆಲ್ ಪದ್ಧತಿ, ಹೋಲಿಸಿ ನೋಡಲು. ಎರಡು, ಸೈಫನ್‌ನಿಂದ ಕಂದು ಗಾಜಿನ ಬಾಟಲಿಗೆ. ಇದಕ್ಕೆ ಕೊನೆಯಲ್ಲಿ ಚಿಟಿಕೆ ಸಕ್ಕರೆ ಹಾಕಿದರೆ ಕರಗಿದ್ದ ಗ್ಯಾಸ್ ಎದ್ದು ನೊರೆ ಬಾಯಿವರೆಗೆ ಬರುತ್ತದೆ. ಆ ನೊರೆ ಕುತ್ತಿಗೆಯ ಗಾಳಿಯನ್ನು ಹೊರಗೆ ತಳ್ಳುತ್ತದೆ. ಬಿಯರ್‌ನವರು ನೊರೆಯ ಮೇಲೆಯೇ ಮುಚ್ಚಳ ಒತ್ತುವುದು ಇದಕ್ಕೇ. ನೊರೆ ಇಳಿಯುವ ಮೊದಲು ತಗಡಿನ ಕ್ರೌನ್ ಮುಚ್ಚಳ ಇಟ್ಟು ಕೈ ಮಷೀನ್ ಒತ್ತಬೇಕು. ಮೂರು, ಕೂಲ್‌ಡ್ರಿಂಕ್‌ನ ಪ್ಲಾಸ್ಟಿಕ್ ಬಾಟಲಿ. ಹೊಟ್ಟೆ ಅಮುಕಿ ಪಾನೀಯವನ್ನು ಬಾಯಿ ಅಂಚಿಗೆ ತಂದು ಹಾಗೇ ಮುಚ್ಚಳ ತಿರುಗಿಸಿದರೆ ಮುಗಿಯಿತು. ಒಳಗೆ ಗಾಳಿಗೆ ಜಾಗವೇ ಇಲ್ಲ. ಗ್ಯಾಸ್ ಆದ ಹಾಗೆ ಬಾಟಲಿ ತಾನೇ ಉಬ್ಬಿ ಆಕಾರಕ್ಕೆ ಬರುತ್ತದೆ.

ನಾಲ್ಕನೆಯದಕ್ಕೆ ನಮ್ಮ ರಾಯಚೂರಿನ ತೀನ್ ಕಂದೀಲ್ ಕಡೆ ಹೋದೆ. ಅಲ್ಲಿ ಗೋಲಿ ಸೋಡಾ ಮಾಡುವ ಕಾಕಾ ಒಬ್ಬರಿದ್ದಾರೆ. ಸಿಲಿಂಡರ್ ಅವರ ಹತ್ತಿರ ಇರುತ್ತದೆ. ಖಾಲಿ ಬಾಟಲಿಗೆ ಬರೀ ಗ್ಯಾಸ್ ಬಿಡಿ ಅಂದೆ.

"ನೀರಿಲ್ಲ, ಸೋಡಾ ಇಲ್ಲ, ಬರೇ ಗ್ಯಾಸಾ? ತಲಿಗಿಲಿ ಕೆಟ್ಟೈತೇನಪ್ಪ?"

"ಬಿಡ್ರಿ ಕಾಕಾ, ರೊಕ್ಕ ಕೊಡ್ತೀನಿ."

ರೊಕ್ಕ ತಗೊಳ್ಳಲಿಲ್ಲ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಅದಕ್ಕೆ ತಳದಲ್ಲಿ ಹೊದಿಕೆಯ ಹಾಗೆ ಕೂರುತ್ತದೆ ಅಂತ ಬಹಳ ಜನ ನಂಬುತ್ತಾರೆ. ಗ್ಯಾಸುಗಳು ಹಾಗೆ ಪದರ ಪದರವಾಗಿ ಕೂರುವುದಿಲ್ಲ, ಬೆರೆಯುತ್ತವೆ. ಗಾಳಿಯನ್ನು ನಿಜವಾಗಿ ಓಡಿಸಬೇಕಾದರೆ ಬಾಟಲಿಯ ಅಳತೆಗಿಂತ ಹಲವು ಪಟ್ಟು ಗ್ಯಾಸ್ ಹರಿಸಬೇಕು. ಅಷ್ಟು ಹೊತ್ತು ಸಿಲಿಂಡರ್ ತೆರೆದಿಡಿ ಅಂತ ಕೇಳಲು ನನಗೇ ಸಂಕೋಚವಾಯಿತು.

ಗೋಲಿ ಬಾಟಲಿಯಲ್ಲೇ ಯಾಕೆ ತುಂಬಬಾರದು ಅಂತ ಕಾಕಾ ಕೇಳಿದ್ದು ಸರಿಯಾದ ಪ್ರಶ್ನೆ. ಲಂಡನ್ನಿನ ಹಿರಾಮ್ ಕಾಡ್ 1872ರಲ್ಲಿ ಪೇಟೆಂಟ್ ಮಾಡಿಸಿದ ಬಾಟಲಿ ಅದು. ಒಳಗಿನ ಗ್ಯಾಸ್ ಒತ್ತಡವೇ ಗೋಲಿಯನ್ನು ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಸೋಡಾಕ್ಕೆ ಒತ್ತಡ ಮೊದಲೇ ಇರುತ್ತದೆ. ನನ್ನದರಲ್ಲಿ ನಿಧಾನವಾಗಿ ಹುಟ್ಟಬೇಕು. ಅಲ್ಲಿಯವರೆಗೆ ಗೋಲಿ ಬಿಗಿಯಾಗಿ ಕೂರುವುದಿಲ್ಲ. ಗೋಲಿಯ ಹಿಂದೆ ಬ್ರಷ್ ಹೋಗುವುದೂ ಕಷ್ಟ.

ಇನ್ನು ಬಿಸಿಲು. ಏಪ್ರಿಲ್ ಬಂತೆಂದರೆ ರಾಯಚೂರಿನಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುವುದು ಮಾಮೂಲು. ಒಂದೇ ಬಾಟಲಿಯ ಒತ್ತಡ 20 ಡಿಗ್ರಿಯಲ್ಲಿ ಎಷ್ಟಿರುತ್ತದೋ 40 ಡಿಗ್ರಿಗೆ ಸುಮಾರು ಎರಡರಷ್ಟಾಗುತ್ತದೆ, ಬಿಸಿ ನೀರು ಗ್ಯಾಸ್ ಹಿಡಿದಿಡುವುದಿಲ್ಲ ನೋಡಿ. ಅದಕ್ಕಿಂತ ಭಯದ ಲೆಕ್ಕ ಸಕ್ಕರೆಯದು. ಲೀಟರ್‌ಗೆ 8 ಗ್ರಾಂ ಸಕ್ಕರೆ ಹುದುಗಿದರೆ ಪಾನೀಯದ ಎರಡು ಪಟ್ಟು ಗಾತ್ರದ ಗ್ಯಾಸ್ ಆಗುತ್ತದೆ, ಜೊತೆಗೆ ಶೇ 0.5ರಷ್ಟು ಆಲ್ಕೋಹಾಲ್. ಕುಡಿಯಲು ಅಷ್ಟು ಗ್ಯಾಸ್ ಸಾಕು. ಆದರೆ ಹಾಕಿದ್ದು 60 ಗ್ರಾಂ, ಜಾಡಿಯಲ್ಲಿ ಖರ್ಚಾಗುವುದು ಅದರಲ್ಲಿ ಸ್ವಲ್ಪವೇ. ಮರೆತು ಹೊರಗೆ ಬಿಟ್ಟು ಪೂರಾ ಹುದುಗಿದರೆ 15 ಪಟ್ಟಿನ ಹತ್ತಿರ! ಯಾವ ಬಿಯರ್ ಬಾಟಲಿಯೂ ತಡೆಯುವುದಿಲ್ಲ, ಗಾಜು ಚೂರಾಗಿ ಸಿಡಿಯುತ್ತದೆ. ಗುಜರಿಯಿಂದ ತಂದ ಬಾಟಲಿಯಲ್ಲಿ ಗೀರು, ಸಣ್ಣ ಬಿರುಕು ಕಂಡರೆ ಅಲ್ಲೇ ಬಿಟ್ಟು ಬನ್ನಿ. ಜಾಡಿಯಲ್ಲಿ ಹುದುಗಿದ್ದೂ ಸೇರುವುದರಿಂದ ಆಲ್ಕೋಹಾಲ್ ಲೆಕ್ಕಕ್ಕಿಂತ ಸ್ವಲ್ಪ ಮೇಲೆ ಹೋಗಬಹುದು. ಮಕ್ಕಳಿಗೆ ಇದನ್ನು ಕೊಡುವುದಿಲ್ಲ.

ಇಲ್ಲೊಂದು ಎಳೆದಾಟ ಇದೆ. ಬಾಟಲಿಯನ್ನು ತಕ್ಷಣ ಫ್ರಿಜ್‌ಗೆ ಹಾಕಿದರೆ ಯೀಸ್ಟ್ ಮಲಗಿಬಿಡುತ್ತದೆ. ಉಳಿದ ಆಮ್ಲಜನಕವನ್ನು ತಿಂದು ಮುಗಿಸುವುದು ಅದೇ ಯೀಸ್ಟ್, ಹಾಗಾಗಿ ಸ್ವಲ್ಪ ಹೊತ್ತು ಬೆಚ್ಚಗೆ ಬಿಡಲೇಬೇಕು. ಜಾಸ್ತಿ ಬಿಟ್ಟರೆ ಒತ್ತಡ. ಪ್ಲಾಸ್ಟಿಕ್ ಬಾಟಲಿಯೇ ಇಲ್ಲಿ ಮೀಟರ್. ಅದು ಅಮುಕಿದರೂ ಬಗ್ಗದಷ್ಟು ಗಟ್ಟಿಯಾದ ಕೂಡಲೇ ಗಾಜಿನವನ್ನೂ ಸೇರಿಸಿ ಎಲ್ಲ ಫ್ರಿಜ್‌ಗೆ. ಅಲ್ಲಿಯವರೆಗೆ ಬಕೆಟ್ ನೀರಿನಲ್ಲಿ ನಿಲ್ಲಿಸಿ ಒದ್ದೆ ಗೋಣಿಚೀಲ ಹೊದಿಸಿದ್ದೆ. ನಮ್ಮ ಒಣ ಬಿಸಿಲಿಗೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಚೀಲ ಒಣಗದಂತೆ ನೋಡಿಕೊಂಡರೆ ಸಾಕು. ಯಾವುದಾದರೂ ಸಿಡಿದರೂ ಚೂರು ಹಾರುವುದಿಲ್ಲ.

ಹಣ್ಣಿನ ರಸ ಕೆಡದಂತೆ ಹಾಕುವ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಪುಡಿ ಬಳಸಬಹುದಲ್ವಾ ಅಂತ ಒಬ್ಬರು ಕೇಳಿದ್ದರು. ಅದು ಆಮ್ಲಜನಕ ಹಿಡಿಯುತ್ತದೆ ನಿಜ, ಯೀಸ್ಟ್ ಕುತ್ತಿಗೆಯನ್ನೂ ಹಿಡಿಯುತ್ತದೆ. ಗ್ಯಾಸೇ ಬರದಿದ್ದರೆ ಅದು ಬರೀ ಶರಬತ್ತು.

ತಿಂಗಳು ಕಳೆದ ಮೇಲೆ ನಾಲ್ಕನ್ನೂ ತೆಗೆದೆ. ಲೋಟಗಳ ಕೆಳಗೆ ಗುರುತು ಹಾಕಿ ಅವ್ವನ ಮುಂದೆ ಇಟ್ಟೆ. ಫನೆಲ್‌ನದು ಬಣ್ಣದಲ್ಲೇ ಬೇರೆ ಕಾಣುತ್ತಿತ್ತು, ಉಳಿದವಕ್ಕಿಂತ ಕಂದು. ಅವ್ವ ಒಂದು ಗುಟುಕು ಕುಡಿದು, "ಇದು ನಿನ್ನಿ ಶರಬತ್ತು ಇದ್ದಂಗೈತಿ" ಅಂದಳು. ಪ್ಲಾಸ್ಟಿಕ್ ಬಾಟಲಿಯದರಲ್ಲಿ ನಿಂಬೆ ಇನ್ನೂ ಮೂಗಿಗೆ ಹೊಡೆಯುತ್ತಿತ್ತು. ನೊರೆಯ ಮೇಲೆ ಮುಚ್ಚಿದ್ದು ಅದಕ್ಕೆ ಸರಿಸಮ, ಗ್ಯಾಸ್ ಮಾತ್ರ ಇನ್ನೂ ಚುರುಕು. ಕಾಕಾ ಗ್ಯಾಸ್ ಬಿಟ್ಟಿದ್ದಕ್ಕೂ ಇವೆರಡಕ್ಕೂ ನನ್ನ ನಾಲಿಗೆಗೆ ವ್ಯತ್ಯಾಸ ಸಿಗಲಿಲ್ಲ. ವಿನೆಗರ್ ಯಾವುದರಲ್ಲೂ ಇಲ್ಲ, ಫನೆಲ್‌ನದರಲ್ಲೂ! ಜಾಡಿಗೆ ಹಾಕಿದ ಪೈಪ್ ಆ ಕೆಲಸ ಮಾಡಿತ್ತು. ಒಂದೇ ಜಾಡಿಯ ಪರೀಕ್ಷೆ, ದೊಡ್ಡ ಸಂಶೋಧನೆ ಏನಲ್ಲ. ಆದರೂ ಲೆಕ್ಕ ಹೇಳಿದ್ದೂ ಇದೇ.

ಹಾಗಾಗಿ ಸಿಲಿಂಡರ್ ಕೊಳ್ಳುವ ಯೋಚನೆ ಬಿಟ್ಟಿದ್ದೇನೆ. ಒಂದು ತಿಂಗಳೊಳಗೆ ಕುಡಿದು ಮುಗಿಸುವುದಾದರೆ ಅಮುಕಿ ಮುಚ್ಚುವ ಪ್ಲಾಸ್ಟಿಕ್ ಬಾಟಲಿ ಸಾಕು. ಪ್ಲಾಸ್ಟಿಕ್ ಗೋಡೆಯ ಮೂಲಕ ಆಮ್ಲಜನಕ ನಿಧಾನವಾಗಿ ಒಳಗೆ ನುಸುಳುತ್ತದೆ, ಗಾಜಿನಲ್ಲಿ ಹಾಗಾಗುವುದಿಲ್ಲ. ಆದ್ದರಿಂದ ಹೆಚ್ಚು ದಿನ ಇಡುವವಕ್ಕೆ ಗಾಜು ಮತ್ತು ನೊರೆ.

ಮುಂದಿನ ಬ್ಯಾಚ್‌ಗೆ ಹೆಪ್ಪು ಈಗಾಗಲೇ ನೊರೆ ಎಬ್ಬಿಸುತ್ತಿದೆ. ಈ ಸಲ ನಿಂಬೆ ರಸವನ್ನು ಜಾಡಿಗೆ ಹಾಕುವುದಿಲ್ಲ. ಮುಚ್ಚುವ ಹೊತ್ತಿಗೆ ಹಿಂಡಿ, ಸೋಸಿ, ಸಿರಿಂಜ್‌ನಿಂದ ನೇರ ಬಾಟಲಿಯ ತಳಕ್ಕೆ ಬಿಡುತ್ತೇನೆ. ಅರ್ಧ ಬಾಟಲಿಗಳಿಗೆ ಹಾಗೆ, ಅರ್ಧಕ್ಕೆ ಹಳೆಯ ಹಾಗೆ. ಮೆಡಿಕಲ್ ಶಾಪ್‌ಗೆ ಮತ್ತೆ ಹೋಗಬೇಕು.