ಗಡಿ ವಿಸ್ತರಣೆ ಫೈಲಲ್ಲಿ ಬಾರದ ಖರ್ಚು

ಸ್ಮಾರಕದ ಗಡಿ ವಿಸ್ತರಣೆ ಫೈಲ್ ಬಂತು ಅಂದ್ರೆ ಎಲ್ರೂ ನೋಡೋದು ಎಷ್ಟು ಎಕರೆ ಸ್ವಾಧೀನ, ಮಾರ್ಕೆಟ್ ವ್ಯಾಲ್ಯೂ ಎಷ್ಟು, ಅದರ ಮೇಲೆ 100 ಪರ್ಸೆಂಟ್ ಸೊಲೇಷಿಯಂ (ಜಮೀನು ಬಲವಂತವಾಗಿ ತಗೊಳ್ಳೋದಕ್ಕೆ ಕೊಡೋ ಹೆಚ್ಚುವರಿ ಪರಿಹಾರ), ಅಷ್ಟೇ. ಎಸ್ಟಿಮೇಟ್ ಮುಗೀತು. ಸರ್ವೆಯರ್ ಆಗಿ ಈ ಲೆಕ್ಕ ನನಗೆ ಯಾವತ್ತೂ ಸರಿ ಅನ್ಸಿಲ್ಲ.

ಯಾಕಂದ್ರೆ ಕೇಂದ್ರ ಸಂರಕ್ಷಿತ ಸ್ಮಾರಕಕ್ಕೆ ಪ್ರಾಚೀನ ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿ ಪ್ರಕಾರ 100 ಮೀಟರ್ ನಿಷೇಧಿತ (ಹೊಸದಾಗಿ ಕಟ್ಟೋ ಹಾಗಿಲ್ಲ), ಅದರಾಚೆ 200 ಮೀಟರ್ ನಿಯಂತ್ರಿತ (ಪರವಾನಗಿ ಇದ್ರೆ ಕಟ್ಟಬಹುದು), ಅದೂ ಗುಡಿ ಗೋಡೆಯಿಂದಲ್ಲ, ಸಂರಕ್ಷಿತ ಗಡಿಯಿಂದ. ಗಡಿ ಆಚೆ ಹೋದ್ರೆ ಅದರ ಹಿಂದೇನೇ ಈ ಎರಡೂ ವಲಯ ಆಚೆ ಹೋಗ್ತವೆ. 200 ಮೀಟರ್ ಚೌಕ ಅಂತ ಹಿಡೀರಿ, ಹತ್ತು ಎಕರೆ ಹತ್ರ ಬರುತ್ತೆ, ಅದರ ಸುತ್ತ ನಿಷೇಧಿತ ಸುಮಾರು 27.5 ಎಕರೆ, ಅದರಾಚೆ ನಿಯಂತ್ರಿತ ಸುಮಾರು 100 ಎಕರೆ. ಪರಿಹಾರ ಸಿಗೋದು ಸ್ವಾಧೀನ ಆದ ಜಾಗಕ್ಕೆ ಮಾತ್ರ.

ಉತ್ತರ ಕರ್ನಾಟಕದ ಒಂದು ಊರಲ್ಲಿ ಜೆಎಂಸಿ (ಸ್ವಾಧೀನಕ್ಕೆ ಮುಂಚೆ ಮಾಡೋ ಜಂಟಿ ಅಳತೆ) ನಡೀತಿತ್ತು. ರೋವರ್ (ಉಪಗ್ರಹ ಸಿಗ್ನಲ್‌ನಿಂದ ಜಾಗ ಗುರುತಿಸೋ ಅಳತೆ ಯಂತ್ರ) ಇಟ್ಟು ಹೊಸ ಗಡಿಯಿಂದ 100 ಮೀಟರ್ ಪಾಯಿಂಟ್ ಹಿಡಿದ್ರೆ ಅದು ಸರಿಯಾಗಿ ಒಂದು ದನದ ಕೊಟ್ಟಿಗೆ ಬಾಗಿಲಲ್ಲಿ ಬಿತ್ತು, ಹಿಂದಿನ ಗೋಡೆ ಮಳೆಗೆ ಕುಸಿದು ತಗಡು ಒಂದು ಕಡೆ ವಾಲಿತ್ತು. ಜನ ಸೇರಿದ್ರು. ಗಲಾಟೆ ಆಗುತ್ತೆ, ಬಾಂದು ಕಲ್ಲು ಕಿತ್ತು ಬಿಸಾಕ್ತಾರೆ ಅಂತ ನಾನು ಗಟ್ಟಿಯಾಗಿ ನಂಬಿದ್ದೆ, ಕಾನ್‌ಸ್ಟೇಬಲ್ ಕರೆಸಿ ಅಂತ ಸಾಹೇಬ್ರಿಗೆ ಮೊದಲೇ ಹೇಳಿದ್ದೆ ಕೂಡ. ಯಾರೂ ಕೂಗಾಡ್ಲಿಲ್ಲ. ವಿಎ (ಊರಿನ ಗ್ರಾಮ ಲೆಕ್ಕಿಗ) "ನಿಮ್ದು ಸ್ವಾಧೀನ ಇಲ್ಲ ಬಿಡವ್ವಾ, ಏನೂ ಆಗಂಗಿಲ್ಲ" ಅಂದ. ಆ ಮನೆ ಅಜ್ಜಿ ಮಾತ್ರ ಕೇಳಿದ್ಲು, "ಸಾಹೇಬ್ರ, ಈ ಗ್ವಾಡಿ ಕಟ್ಟಾಕ ಯಾರನ್ನ ಕೇಳ್ಬೇಕ್ರೀ? ನಮ್ಮ ಹುಡುಗ ಲಗ್ನ ಮಾಡ್ಕೊಂಡ್ರ ಒಂದ್ ಖೋಲಿ ಏರಿಸಬೋದೇನ್ರೀ?"

ಎಡಿಎಲ್‌ಆರ್ (ಭೂದಾಖಲೆಗಳ ಸಹಾಯಕ ನಿರ್ದೇಶಕರು) ಶೀಟ್ ನೋಡ್ತಾ ನಿಂತ್ರು. ನಾನೇ ಹೇಳಿದೆ, ಹಳೇ ಮನೆ ರಿಪೇರಿಗೆ ಅರ್ಜಿ ಹಾಕಿ ಪರವಾನಗಿ ತಗೋಬೇಕು, ಹೊಸ ಖೋಲಿಗೆ ಆಗಲ್ಲ ಅಂತ. ಆಮೇಲೆ ಯಾರೂ ಮಾತಾಡ್ಲಿಲ್ಲ, ರೋವರ್ ಬೀಪ್ ಅಂತಾನೇ ಇತ್ತು, ಆ ನಿಮಿಷ ನನಗೆ ಇವತ್ತಿಗೂ ಕಷ್ಟ.

ಹಂಪೀನೇ ನೋಡಿ. 2012ರಲ್ಲಿ ಯುನೆಸ್ಕೋ ಒಪ್ಪಿದ ಗಡಿ 4,187 ಹೆಕ್ಟೇರ್, ಸುತ್ತ ಬಫರ್ 19,453 ಹೆಕ್ಟೇರ್, ಅದರೊಳಗೆ ಊರು, ಗದ್ದೆ, ಬಾಳೆ ತೋಟ ಎಲ್ಲ ಇವೆ. ಹಂಪಿ ಉಳೀಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದ್ರೆ 2011ರಲ್ಲಿ ಹಂಪಿ ಬಜಾರಿನ ಮನೆ ಅಂಗಡಿ ಒಡೆದಾಗ ಅಲ್ಲಿದ್ದವರ ಪಾಡು ಏನಾಯ್ತು ಅಂತ ನೋಡಿದ್ಮೇಲೂ ಪುನರ್ವಸತಿ ಖರ್ಚನ್ನ ಕೊನೆಗೆ ನೋಡ್ಕೊಳೋಣ ಅನ್ನೋದು ಸರಿಯಲ್ಲ. ಗಡಿ ಹಾಕೋ ದಿನಾನೇ ಸುತ್ತಲ ಮನೆಗಳ ಪಟ್ಟಿ, ಬದಲಿ ಸೈಟ್, ಪರವಾನಗಿ ಕೊಡೋಕೆ ತಾಲೂಕಲ್ಲೇ ಒಬ್ಬ ಸಿಬ್ಬಂದಿ, ಇವಕ್ಕೆಲ್ಲ ದುಡ್ಡು ತೆಗೆದಿಡಬೇಕು. ಅದು ಸರ್ಕಾರದ ಖರ್ಚು, ಅಜ್ಜಿದಲ್ಲ.

ಅವತ್ತಿಂದ ಜೆಎಂಸಿ ಶೀಟ್ ಜೊತೆ ನಿಷೇಧಿತ ವಲಯದ ಮನೆಗಳ ಪಟ್ಟೀನೂ ಲಗತ್ತಿಸ್ತೀನಿ. "ನಮೂನೆಯಲ್ಲಿ ಈ ಕಾಲಂ ಇಲ್ಲ" ಅಂತ ಮೇಲಿಂದ ವಾಪಸ್ ಬರುತ್ತೆ, ನಾನು ಮತ್ತೆ ಲಗತ್ತಿಸಿ ಕಳಿಸ್ತೀನಿ.